ಹಿಂದಿನ ಬೆಂಚಿನ ಹೆಡ್‌ಮಾಸ್ತರು

ನಮ್ಮ ಹೆಡ್‌ಮಾಸ್ತರು ತೀರಿಕೊಂಡ ಹದಿನೈದು ದಿನಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೋಲಾರದಲ್ಲಿ ಒಂದು ಸಂತಾಪ ಸಭೆ ಏರ್ಪಡಿಸಿದ್ದರು. ಅವರ ಕೈಕೆಳಗೆ ಹೆಚ್ಚು ವರ್ಷ ದುಡಿದವನು ನಾನೇ ಎಂದು ಮೊದಲು ನನ್ನನ್ನೇ ಮಾತಿಗೆ ಕರೆದರು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಇಳಿದು ಬಂದಾಗ, ಈಗ ವಕೀಲನಾಗಿರುವ ನನ್ನ ಶಿಷ್ಯನೊಬ್ಬ ಕಿವಿಯ ಹತ್ತಿರ ಬಗ್ಗಿ, "ಭಾಷಣ ಬಹಳ ಚೆನ್ನಾಗಿತ್ತು ಸಾರ್. ಆದ್ರೆ ತೀರ್ಕೊಂಡಿರೋದು ಅವರೋ ನೀವೋ ಅಂತ ಹಿಂದ್ಗಡೆ ಕೂತಿದ್ದೋರಿಗೆ ಸ್ವಲ್ಪ ಅನುಮಾನ ಬಂತು" ಎಂದ.

ವಕೀಲನ ಮಾತಾದರೂ ಅದು ನಿಜ. ಅಂದು ನಾನು ಹೇಳಿದ್ದೆಲ್ಲ ನಮ್ಮಿಬ್ಬರ ಸ್ನೇಹ, ಅವರು ನನ್ನನ್ನು ಹೊಗಳಿದ್ದು, ಅವರಿಗೆ ನಾನು ಕೊಟ್ಟ ಸಲಹೆ. ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಇದರಲ್ಲೂ ನಾನು ಬರುತ್ತೇನೆ. ಆದರೆ ಅಂದು ವೇದಿಕೆಯ ಮೇಲೆ ಹಾಕಿಕೊಂಡಿದ್ದ ಶಾಲು ಹೊದ್ದು ಬರುವುದಿಲ್ಲ.

ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಒಂದು ಊರು. ಹೆಸರು ಬೇಡ, ಆ ಊರಿನಲ್ಲಿ ನನಗೆ ಇನ್ನೂ ಸ್ವಲ್ಪ ಮರ್ಯಾದೆ ಉಳಿದಿದೆ. ಅಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಶೆಟ್ಟರೊಬ್ಬರು ಅಧ್ಯಕ್ಷರಾಗಿ, ಊರಿನ ಐದಾರು ಹಿರಿಯರು ಕಮಿಟಿಯಾಗಿ ಒಂದು ಹೈಸ್ಕೂಲು ನಡೆಸುತ್ತಿದ್ದರು. ನಾನು ಅಲ್ಲಿ ಇಂಗ್ಲಿಷ್ ಮೇಷ್ಟ್ರು. ಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷ ಹಳೆಯ ಹೆಡ್‌ಮಾಸ್ತರು ನಿವೃತ್ತರಾದರು. ಐದು ತಿಂಗಳು ನಾನೇ ಇನ್‌ಚಾರ್ಜ್. ಆ ಹುದ್ದೆ ಖಾಯಂ ಆಗಿ ನನಗೇ ಬರುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೋಲಾರದಲ್ಲಿ ಕೊರಳು ಮುಚ್ಚುವ ಒಂದು ಕೋಟು ಹೊಲಿಸಿಟ್ಟಿದ್ದೆ. ಮನೆಯಲ್ಲಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ ನನ್ನ ಹೆಂಡತಿ, "ಹೆಡ್‌ಮೇಷ್ಟ್ರೇ, ಒಲೆಗೆ ಸೌದೆ ಇಲ್ಲ" ಎಂದಿದ್ದಳು.

ಕಮಿಟಿಯವರು ಮಾಲೂರು ಕಡೆಯಿಂದ ಬೇರೊಬ್ಬರನ್ನು ಕರೆಸಿಕೊಂಡರು.

ಬಂದವರು ಸಣಕಲು ಆಳು, ನಲವತ್ತೇಳು ನಲವತ್ತೆಂಟು ವಯಸ್ಸು. ಕೋಟಿನ ಎಡ ಜೇಬಿನಲ್ಲಿ ಒಂದು ನಸ್ಯದ ಡಬ್ಬಿ. ಕಷ್ಟದ ಮಾತು ಆಡುವ ಮುಂಚೆ ಅದನ್ನು ತೆಗೆದು ಮುಚ್ಚಳವನ್ನು ಎರಡು ಸಲ ಬೆರಳಿನಿಂದ ಕುಟ್ಟುತ್ತಿದ್ದರು. ಎಷ್ಟೋ ಸಲ ನಸ್ಯ ಏರಿಸದೆಯೇ ಮತ್ತೆ ಒಳಗಿಡುತ್ತಿದ್ದರು. ಪಾಠ ನಡೆಯುವಾಗ ಜಗಲಿಯ ಮೇಲೆ ಓಡಾಡಬೇಕಾದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಸದ್ದು ಮಾಡದೆ ಬಂದು ನಮ್ಮನ್ನು ಹಿಡಿಯುವ ಉಪಾಯ ಎಂದು ನಾನು ಉಳಿದ ಮೇಷ್ಟ್ರುಗಳಿಗೆ ಹೇಳಿದೆ. ಸದ್ದಾದರೆ ಹುಡುಗರ ಗಮನ ಹೋಗುತ್ತದೆ ಎಂಬ ಸರಳ ಕಾರಣ ನನಗೆ ಹೊಳೆಯಲು ಎರಡು ವರ್ಷ ಹಿಡಿಯಿತು.

ಮೊದಲ ವಾರ ನಮ್ಮನ್ನೆಲ್ಲ ಕೂಡಿಸಿ, "ಈ ಸ್ಕೂಲು ಸುಧಾರಿಸಬೇಕಾದ್ರೆ ಮೊದಲು ಏನು ಮಾಡ್ಬೇಕು? ನಾನು ಹೊಸಬ. ನೀವು ಬರೆದು ಕೊಡಿ" ಎಂದರು. ಬೇರೆಯವರು ಅರ್ಧ ಹಾಳೆ, ಕಾಲು ಹಾಳೆ ಬರೆದರು. ನಾನು ಫುಲ್‌ಸ್ಕೇಪ್ ಕಾಗದದಲ್ಲಿ ನಾಲ್ಕು ಪುಟ, ಇಂಗ್ಲಿಷಿನಲ್ಲಿ. ಕಾಂಪೌಂಡಿಗೆ ಗೇಟು, ಆಫೀಸಿಗೆ ಗೋಡೆ ಗಡಿಯಾರ, ಅಧ್ಯಕ್ಷರ ಭಾವಚಿತ್ರ, ತಂದೆತಾಯಿಗಳ ಅಜ್ಞಾನ, ಹುಡುಗರ ಸೋಮಾರಿತನ, ಎಲ್ಲಕ್ಕಿಂತ ಮೇಲೆ ಅವರ ತೆಲುಗು. ಅವರು ಮರುದಿನ ಅದನ್ನು ಹಿಂದಕ್ಕೆ ಕೊಡುತ್ತ ಹೇಳಿದರು: "ಎರಡು ಸಲ ಓದ್ದೆ. ಭಾಷೆ ಸೊಗಸಾಗಿದೆ. ಗೇಟು ಬರುತ್ತೆ, ಗಡಿಯಾರ ಬರುತ್ತೆ, ಅಪ್ಪ ಅಮ್ಮ ಬರ್ತಾರೆ. ಮೇಷ್ಟ್ರು ಮಾತ್ರ ಎಲ್ಲೂ ಬರಲಿಲ್ಲವಲ್ಲ?"

ಇದು ಕುಹಕ ಎಂದೇ ನಾನು ತಿಳಿದೆ. ಅವರು ನಿಜವಾಗಿ ಕೇಳಿದ್ದರು.

ಅವರು ತಮ್ಮ ಪಟ್ಟಿಯನ್ನು ಮಾತ್ರ ಹೇಳಲಿಲ್ಲ. ಮೂರು ವಾರ ದಿನಕ್ಕೊಂದು ತರಗತಿಯಲ್ಲಿ, ಹಿಂದಿನ ಬೆಂಚಿನ ತುದಿಯಲ್ಲಿ ಹುಡುಗರ ಪಕ್ಕ ಕೈಕಟ್ಟಿ ಕೂತರು. ನನ್ನ ಸರದಿ ಬಂದ ದಿನ ನಾನು ಆ ಹೊಸ ಕೋಟು ತೊಟ್ಟು ಹೋದೆ. ನಲವತ್ತೈದು ನಿಮಿಷ ನಿರರ್ಗಳ ಇಂಗ್ಲಿಷಿನಲ್ಲಿ ಪಾಠ ಹೇಳಿದೆ. ಗಂಟೆ ಹೊಡೆದ ಮೇಲೆ ಅವರ ಮುಂದೆ ನಿಂತು, ಮೆಚ್ಚಿಗೆಗೆ ಕಾಯುವವನ ಹಾಗೆ ಸೀಮೆಸುಣ್ಣ ಒರೆಸಿಕೊಂಡೆ. ಅವರು ಡಬ್ಬಿ ತೆಗೆದು ಎರಡು ಸಲ ಕುಟ್ಟಿದರು.

"ಮೇಷ್ಟ್ರೇ, ಹುಡುಗರು ಎಷ್ಟು ಸಲ ಬಾಯಿ ಬಿಟ್ರು ಅಂತ ನೋಡ್ತಾ ಇದ್ದೆ. ಎರಡೇ ಸಲ. ಎರಡೂ ಆಕಳಿಕೆ."

ತೆಲುಗಿನ ವಿಷಯ ಹೇಳಬೇಕು. ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲಿಗೆ ಮನೆಮಾತು ತೆಲುಗು. ನನ್ನ ತರಗತಿಯಲ್ಲಿ ತೆಲುಗಿನ ಒಂದು ಪದ ಬಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂಥ ನನ್ನನ್ನು ನನ್ನ ಹೆಂಡತಿ ಬೈಯುತ್ತಿದ್ದದ್ದು ತೆಲುಗಿನಲ್ಲಿ, ನಾನು ಕ್ಷಮೆ ಕೇಳುತ್ತಿದ್ದದ್ದೂ ತೆಲುಗಿನಲ್ಲೇ. ಹೆಡ್‌ಮಾಸ್ತರು ಆ ಶಿಕ್ಷೆ ನಿಲ್ಲಿಸಿದರು. "ಪ್ರಶ್ನೆ ಯಾವ ಭಾಷೇಲಿ ಹುಟ್ಟುತ್ತೋ ಆ ಭಾಷೇಲೇ ಬರ್ಲಿ ಬಿಡಿ. ನಾವು ಉತ್ತರ ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿಗೆ ಕರ್ಕೊಂಡು ಹೋಗೋಣ. ಬಾಗಿಲಲ್ಲೇ ತಡೆದ್ರೆ ಒಳಗೆ ಯಾರು ಬರ್ತಾರೆ?"

ಆಮೇಲೆ ಬೆತ್ತದ ಪ್ರಸಂಗ. ತಡವಾಗಿ ಬಂದವರನ್ನು ಸಾಲಾಗಿ ನಿಲ್ಲಿಸಿ ಅಂಗೈಗೆ ಎರಡೇಟು ಕೊಡುವ ಕೆಲಸವನ್ನು ನಾನು ಯಾರೂ ಕೇಳದೆಯೇ ವಹಿಸಿಕೊಂಡಿದ್ದೆ. ಒಂದು ಸೋಮವಾರ ಸಾಲು ಉದ್ದವಿತ್ತು. ಮುಖ ನೋಡದೆ ಕೈ ಮಾತ್ರ ನೋಡಿಕೊಂಡು ಹೊಡೆಯುತ್ತ ಬಂದೆ. ಮುಖ ನೋಡಿದರೆ ಕರುಣೆ ಬಂದೀತು ಎಂಬುದು ನನ್ನ ಸಿದ್ಧಾಂತ. ಬೆತ್ತ ಎತ್ತಿದೆ. ಕೆಳಗೆ ಚಾಚಿದ್ದ ಅಂಗೈಯ ಹೆಬ್ಬೆರಳಿಗೆ ನಸ್ಯದ ಕಂದು ಕಲೆ.

ತಲೆ ಎತ್ತಿದರೆ ಹೆಡ್‌ಮಾಸ್ತರು. ಮೊಣಕಾಲವರೆಗೆ ಕೆಂಪು ಧೂಳು. ಭಾನುವಾರ ಹುಡುಗರ ಹಳ್ಳಿಯೊಂದಕ್ಕೆ ಹೋಗಿ ಅಲ್ಲೇ ತಂಗಿ, ಬೆಳಿಗ್ಗೆ ಅವರ ಜೊತೆಯಲ್ಲೇ ಐದು ಮೈಲಿ ನಡೆದು ಬಂದಿದ್ದರು.

"ಹೊಡೀರಿ ಮೇಷ್ಟ್ರೇ. ನಾನೂ ಲೇಟೇ."

"ಸಾರ್, ತಾವು..."

"ಹುಡುಗರು ಹಸುಗಳಿಗೆ ನೀರು ತೋರಿಸಿ, ಮುದ್ದೆ ತಿಂದು, ಒಂದೇ ಉಸಿರಿಗೆ ನಡೆದ್ರು. ನನ್ನಿಂದ ಅವರ ಜೊತೆ ಸಮ ಬರಕ್ಕೇ ಆಗ್ಲಿಲ್ಲ. ಇವತ್ತು ಇವರು ಲೇಟಾಗಿದ್ದು ನನಗೋಸ್ಕರ ನಿಂತು ನಿಂತು. ನನಗೆ ನಾಲ್ಕು ಹೊಡೀರಿ."

ನಾನು ಹೊಡೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮಾರನೆಯ ವಾರದಿಂದ ಶಾಲೆ ಅರ್ಧ ಗಂಟೆ ತಡವಾಗಿ ಶುರುವಾಯಿತು. ನನ್ನ ಬೆತ್ತಕ್ಕೆ ಕೆಲಸ ಹೋಯಿತು. ನನಗೆ ನಿಜವಾದ ಸಿಟ್ಟು ಬಂದದ್ದು ಅಂದು.

ಸಿಟ್ಟು ದ್ವೇಷವಾದದ್ದು ಸೆಲೆಕ್ಷನ್ ಪರೀಕ್ಷೆಯ ಹೊತ್ತಿಗೆ. ಕೊನೆಯ ವರ್ಷದ ಹುಡುಗರಿಗೆ ಶಾಲೆಯಲ್ಲೇ ಒಂದು ಪರೀಕ್ಷೆ ಮಾಡಿ, ಗಟ್ಟಿಯಾದವರನ್ನು ಮಾತ್ರ ಎಸ್ಸೆಲ್ಸಿಗೆ ಕಳಿಸುವ ಪದ್ಧತಿ ನಮ್ಮಲ್ಲಿತ್ತು. ಅದರ ಯಜಮಾನ ನಾನು. ಹಿಂದಿನ ವರ್ಷ ಹನ್ನೊಂದು ಜನರನ್ನು ಕಳಿಸಿ ಹತ್ತು ಜನ ಪಾಸಾಗಿದ್ದರು; ಜಿಲ್ಲೆಯಲ್ಲೆಲ್ಲ ಹೆಸರು. ತಡೆಹಿಡಿದವರ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಅವರಲ್ಲಿ ಮುನಿವೆಂಕಟಪ್ಪ ಎಂಬೊಬ್ಬನಿದ್ದ. ಗಡಿಯ ಹತ್ತಿರದ ಹಳ್ಳಿಯವನು, ಮೀಸೆ ಬಂದವನು, ಮದುವೆಯಾಗಿ ಒಂದು ಕೂಸಿನ ತಂದೆ. ಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಅವನನ್ನು ನಾನು ಎರಡು ವರ್ಷ ಸತತವಾಗಿ ತಡೆದಿದ್ದೆ.

ಈ ಸಲ ಹೆಡ್‌ಮಾಸ್ತರು ನನ್ನ ಪಟ್ಟಿ ನೋಡಿ, "ಇಪ್ಪತ್ತೈದು ಜನ ಇದಾರೆ. ಇಪ್ಪತ್ತೈದೂ ಕೂರ್ಲಿ" ಎಂದರು.

"ಸಾರ್, ದಡ್ಡರೆಲ್ಲ ಕೂತ್ರೆ ಸ್ಕೂಲಿನ ಹೆಸರು ಹೋಗುತ್ತೆ!"

"ಹೆಸರು ಉಳಿಸಕ್ಕೆ ಹುಡುಗರನ್ನ ಬಚ್ಚಿಡಬೇಕಾ?"

ಅಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಾನು ಶೆಟ್ಟರ ಹೆಸರಿಗೆ ಒಂದು ಮೂಗರ್ಜಿ ಬರೆದೆ. ಗುರುತು ಸಿಗಬಾರದೆಂದು ಎಡಗೈಯಲ್ಲಿ. ಕೆಳಗೆ 'ಊರಿನ ಹಿತೈಷಿಗಳು' ಎಂದು ಸಹಿ. ಬಹುವಚನ, ಯಾಕೆಂದರೆ ಒಬ್ಬನೇ ಅಷ್ಟು ಧೈರ್ಯ ಮಾಡಿದ್ದು ನನಗೇ ನಂಬಿಕೆಯಾಗುತ್ತಿರಲಿಲ್ಲ. ಅಕ್ಷರವನ್ನೇನೋ ಮರೆಮಾಡಿದೆ, ಶೈಲಿಯನ್ನು ಮರೆಮಾಡಲು ಮನಸ್ಸು ಒಪ್ಪಲಿಲ್ಲ. ಮುಳಬಾಗಿಲಿಗೆ ಹೋಗಿ ಅಲ್ಲಿಂದ ಅಂಚೆಗೆ ಹಾಕಿದೆ.

ವಾರ ಕಳೆದ ಮೇಲೆ ಶೆಟ್ಟರು ಕಮಿಟಿ ಕರೆದರು. ಮೇಷ್ಟ್ರುಗಳೂ ಬರಬೇಕೆಂದರು. ಹುಣಸೆಹಣ್ಣಿನ ವಾಸನೆಯ ಮಂಡಿಯ ಹಜಾರದಲ್ಲಿ ಎಲ್ಲರೂ ಕೂತೆವು. ಶೆಟ್ಟರು ಜೇಬಿನಿಂದ ಕಾಗದ ತೆಗೆದು, ದೂರ ಹಿಡಿದು ಹತ್ತಿರ ಹಿಡಿದು ನೋಡಿ, "ಇದೇಂದಪ್ಪಾ, ಕೋಳಿ ಕೆರೆದಂಗೈತೆ! ಮಾತೂ ಅಷ್ಟೇ, ಗಟ್ಟಿ ಕನ್ನಡ. ನನ್ ನಾಲಿಗೆ ಹೊರಳಲ್ಲ. ಮೇಷ್ಟ್ರೇ, ನೀವೇ ಓದಿ ಸಭೆಗೆ ಹೇಳಿ" ಎಂದು ನನ್ನ ಕೈಗೆ ಕೊಟ್ಟರು.

ಓದಿದೆ. "ನೂತನ ಮುಖ್ಯೋಪಾಧ್ಯಾಯರು ಅಧಿಕಾರ ವಹಿಸಿದಂದಿನಿಂದ ಶಿಸ್ತೆಂಬುದು ಶಿಥಿಲವಾಗಿ..." ಮೊದಲ ಸಾಲನ್ನು ದನಿ ತಗ್ಗಿಸಿ ಓದಿದೆ. ಎರಡನೆಯ ಸಾಲಿಗೆ ನನ್ನದೇ ಗದ್ಯದ ರುಚಿ ಹತ್ತಿತು. ಮೂರನೆಯದರಿಂದ ಮುಂದೆ ನಾನು ಅದನ್ನು ಎಷ್ಟು ಚೆನ್ನಾಗಿ ಓದಿದೆನೆಂದರೆ, ಕಮಿಟಿಯ ಒಬ್ಬ ಮುದುಕರು "ಭೇಷ್" ಎಂದುಬಿಟ್ಟರು. ಯಾರಿಗೂ ಓದಲಾಗದ ಆ ಕೋಳಿ ಕಾಲಿನಲ್ಲಿ ನಾನು ಒಂದು ಕಡೆಯೂ ತಡವರಿಸಲಿಲ್ಲ.

ಹೆಡ್‌ಮಾಸ್ತರು ಕೈ ನೀಡಿ ಕಾಗದ ತೆಗೆದುಕೊಂಡು ಮೌನವಾಗಿ ಒಮ್ಮೆ ಓದಿದರು. ಡಬ್ಬಿಯ ಮುಚ್ಚಳ ಕುಟ್ಟಿದರು. "ಬರೆದವರು ಸ್ಕೂಲನ್ನ ಚೆನ್ನಾಗಿ ಬಲ್ಲೋರು. ಫಲಿತಾಂಶ ಕೆಡಬಹುದು ಅಂದಿದಾರೆ, ಅದು ಸುಳ್ಳಲ್ಲ. ಕೂರ್ಸೋದಂತೂ ಕೂರಿಸ್ತೀನಿ. ಹೋದ ವರ್ಷಕ್ಕಿಂತ ಕೆಟ್ಟರೆ ಈ ಊರು ಬಿಟ್ಟು ಹೋಗ್ತೀನಿ. ಸಾಕಲ್ಲ?"

ಹೊರಗೆ ಬಂದಾಗ ಅವರು ನನ್ನ ಪಕ್ಕದಲ್ಲೇ ನಡೆದರು. "ಬಹಳ ಚೆನ್ನಾಗಿ ಓದಿದ್ರಿ. ಎರಡನೇ ಪುಟದಲ್ಲಿ 'ಪ್ರತಿಷ್ಠೆ' ಅನ್ನೋ ಮಾತು ಬರೆಯೋದು ಬಿಟ್ಟುಹೋಗಿದೆ. ನೀವು ಅದನ್ನೂ ಸೇರಿಸ್ಕೊಂಡೇ ಓದಿದ್ರಿ."

ನನ್ನ ಕಾಲು ನಿಂತಿತು. ಅವರು ನಿಲ್ಲಲಿಲ್ಲ. "ನಿಮ್ಮ ಪಟ್ಟೀಲಿ ಇಲ್ದಿರೋ ಆ ಹದಿನಾಲ್ಕು ಜನಕ್ಕೆ ನಾಳೆಯಿಂದ ಬೆಳಿಗ್ಗೆ ಏಳಕ್ಕೆ ಇಂಗ್ಲಿಷ್ ತರಗತಿ. ಬೇರೆ ಯಾರ ಕೈಲೂ ಆಗಲ್ಲ, ನೀವೇ ತೊಗೊಳ್ಳಿ."

ಭಯದಿಂದ ಒಪ್ಪಿಕೊಂಡೆ. ಕರ್ತವ್ಯಪ್ರಜ್ಞೆ ಎಂದು ಸಂತಾಪ ಸಭೆಯಲ್ಲಿ ಹೇಳಿದ್ದೆ.

ಏಳು ಗಂಟೆಯ ತರಗತಿಯಲ್ಲಿ ನನ್ನ ಇಂಗ್ಲಿಷ್ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮುನಿವೆಂಕಟಪ್ಪ ಎದ್ದು ನಿಂತು ತೆಲುಗಿನಲ್ಲಿ, ನೀವು ಹೇಳುವುದು ನಮಗೆ ಮಳೆಯ ಸದ್ದಿನ ಹಾಗೆ ಕೇಳುತ್ತದೆ, ಒಂದು ಹನಿಯೂ ಮೈಮೇಲೆ ಬೀಳುವುದಿಲ್ಲ ಎಂದ. ಅಂದು ಮೊದಲ ಸಲ ನಾನು ತರಗತಿಯಲ್ಲಿ ತೆಲುಗು ಮಾತಾಡಿದೆ. ನಾಚಿಕೆಯಾಯಿತು. ಆಮೇಲೆ ಆರಾಮವಾಯಿತು. ಕರ್ತರಿ ಕರ್ಮಣಿ ಪ್ರಯೋಗ ಕಲಿಸಿದ ದಿನ ಅವನೇ ಕೇಳಿದ: "ಎವರು ಚೇಸಿನಾರೋ ಚೆಪ್ಪೇಕಿ ಇಷ್ಟಂ ಲೇಕಪೋತೇ ಇಟ್ಲ ರಾಸ್ತಾರಾ ಸಾರ್?" ಯಾರು ಮಾಡಿದ್ದು ಎಂದು ಹೇಳಲು ಇಷ್ಟವಿಲ್ಲದಾಗ ಹೀಗೆ ಬರೆಯುತ್ತಾರೆಯೇ ಎಂದು. ಜಗಲಿಯಲ್ಲಿ ಯಾರೋ ಜೋರಾಗಿ ಸೀನಿದರು. ನೋಡಿದರೆ ಕೈಯಲ್ಲಿ ಚಪ್ಪಲಿ ಹಿಡಿದ ಹೆಡ್‌ಮಾಸ್ತರು ದೂರ ಹೋಗುತ್ತಿದ್ದರು. ಅದು ನಸ್ಯದ ಸೀನೋ ನಗೆಯೋ ನನಗೆ ಇಂದಿಗೂ ತಿಳಿಯದು.

ಇಪ್ಪತ್ತೈದು ಜನರೂ ಕೋಲಾರಕ್ಕೆ ಹೋಗಿ ಪರೀಕ್ಷೆ ಬರೆದರು. ಹದಿನಾರು ಜನ ಪಾಸಾದರು. ಅದರಲ್ಲಿ ಆರು ಜನ ಏಳು ಗಂಟೆಯ ತರಗತಿಯವರು. ಮುನಿವೆಂಕಟಪ್ಪ ಫೇಲಾದ, ಅದೂ ಇಂಗ್ಲಿಷಿನಲ್ಲೇ.

ಮತ್ತೆ ಮಂಡಿಯ ಹಜಾರ. ಕಮಿಟಿಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರಿದ್ದರು. ಶೇಕಡಾವಾರು ಲೆಕ್ಕ ಹಾಕಿ ತೋರಿಸಿ, ಫಲಿತಾಂಶ ಹೋದ ವರ್ಷಕ್ಕಿಂತ ಕೆಟ್ಟಿದೆ, ಹೆಡ್‌ಮಾಸ್ತರು ಆಡಿದ ಮಾತು ನಡೆಸಿಕೊಡಲಿ ಎಂದರು. ಹೆಡ್‌ಮಾಸ್ತರು, "ನಡೆಸ್ತೀನಿ" ಎಂದು ಎದ್ದೇಬಿಟ್ಟರು.

ನಾನೂ ಎದ್ದೆ. ನ್ಯಾಯಕ್ಕಾಗಿ ಎದ್ದೆ ಎಂದರೆ ಸುಳ್ಳಾಗುತ್ತದೆ. ಆ ಆರು ಜನ ನನ್ನವರು. ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿಲ್ಲವಲ್ಲ ಎಂದು ಉರಿಯಿತು. "ಸ್ವಾಮಿ, ಹೋದ ವರ್ಷ ಆಗಿದ್ರೆ ಈ ಆರು ಜನ ದಡ್ಡರ ಪಟ್ಟೀಲಿರ್ತಿದ್ರು. ಇವರು ಕೂತ್ರೆ ಸ್ಕೂಲಿನ ಪ್ರತಿಷ್ಠೆ ಮಣ್ಣುಗೂಡುತ್ತೆ ಅಂತ ನಾನು ಬರೆದಿದ್ದೆನಲ್ಲ, ಅದು ತಪ್ಪು..."

ಮಾತು ಬಾಯಿಂದ ಬಿದ್ದ ಮೇಲೆ ಅದರ ಸದ್ದು ನನಗೇ ಕೇಳಿಸಿತು.

"ಏಮಂಟಿರಿ?" ಎಂದರು ಶೆಟ್ಟರು. "ನೀವು ಬರ್ದಿದ್ರಾ?"

"ಓದಿದ್ದೆ ಅಂತ ಅಂದ್ರು ಶೆಟ್ರೇ," ಹೆಡ್‌ಮಾಸ್ತರು ನಿಂತ ಕಡೆಯಿಂದಲೇ ಹೇಳಿದರು. "ಅವತ್ತು ಆ ಅರ್ಜಿ ಓದಿದ್ದು ಇವರೇ ಅಲ್ವಾ. ನೀವೇ ಓದಿಸಿದ್ರಿ. ಮಾತಿನ ಭರದಲ್ಲಿ ಒಂದು ಅಕ್ಷರ ಆಚೆ ಈಚೆ."

ಕೆಲಸ ಕಳೆದುಕೊಳ್ಳುತ್ತಿದ್ದವರು ಅವರು. ಉಳಿಸುತ್ತಿದ್ದದ್ದು ನನ್ನ ಕೆಲಸವನ್ನು. 'ಇಲ್ಲ, ಬರೆದದ್ದೇ' ಎಂದು ಹೇಳಲು ನನಗೆ ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ನಾನು ಕೂತುಕೊಂಡೆ.

ಶೆಟ್ಟರು ಶಿರಸ್ತೇದಾರರ ಲೆಕ್ಕದ ಹಾಳೆಯನ್ನು ತಿರುಗಿಸಿ ನೋಡಿದರು. ಆಮೇಲೆ, "ಶಿರಸ್ತೇದಾರ್ರೇ, ಹೋದ ವರ್ಷ ಹತ್ತು ಮೂಟೆ ಬಂತು, ಈ ವರ್ಷ ಹದಿನಾರು ಮೂಟೆ. ನಂಗೆ ಶೇಕಡಾ ಗೀಕಡಾ ತಿಳಿಯಲ್ಲ. ಮಂಡೀಲಿ ಇದನ್ನ ನಷ್ಟ ಅಂತ ಯಾರೂ ಅನ್ನಲ್ಲ. ಕೂತ್ಕೊಳ್ಳಿ ಹೆಡ್‌ಮೇಷ್ಟ್ರೇ" ಎಂದರು. ಅಲ್ಲಿಗೆ ಮುಗಿಯಿತು.

ಮುನಿವೆಂಕಟಪ್ಪ ಮಾತ್ರ ಫಲಿತಾಂಶ ಬಂದ ವಾರವೇ ಯಾರಿಗೂ ಹೇಳದೆ ಊರು ಬಿಟ್ಟ. ಹೆಡ್‌ಮಾಸ್ತರು ಅವನ ಮಾವನ ಮನೆಗೆ ಎರಡು ಸಲ ಹೋದರು. ಎರಡನೆಯ ಸಲ ಆ ಮುದುಕ ಹಟ್ಟಿಯ ಮುಂದೆಯೇ ನಿಲ್ಲಿಸಿ, ನೀನು ಪರೀಕ್ಷೆಗೆ ಕೂರಿಸದಿದ್ದರೆ ನನ್ನ ಅಳಿಯ ಊರಿನಲ್ಲಿರುತ್ತಿದ್ದ ಎಂದು ಬೈದನಂತೆ. ಮುಂದೆ ಅವನ ಹೆಂಡತಿ ಮಗುವೂ ಎಲ್ಲಿಗೋ ಹೋದರು ಎಂದಷ್ಟೇ ಸುದ್ದಿ ಬಂತು. ಹೆಡ್‌ಮಾಸ್ತರು ಆ ಹೆಸರನ್ನು ಮತ್ತೆ ಎತ್ತಲಿಲ್ಲ.

ಅವರ ಕೈಕೆಳಗೆ ಎಂಟು ವರ್ಷ ದುಡಿದೆ. ಮೂಗರ್ಜಿಯ ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಅವರು ನಿವೃತ್ತರಾಗಿ ಟೇಕಲ್ ಹತ್ತಿರದ ತಮ್ಮ ಊರಿಗೆ ಹೋದ ಮೇಲೆ ನಾನು ಕೊನೆಗೂ ಹೆಡ್‌ಮಾಸ್ತರಾದೆ. ಅಷ್ಟು ಹೊತ್ತಿಗೆ ಆ ಕೋಟು ನನಗೆ ಹಿಡಿಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ ನಾನು ಅವರನ್ನು ನೋಡಲು ಹೋದೆ. ಜಗಲಿಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತು ತೆಗೆದೆ. "ಸಾರ್, ಆ ಮೂಗರ್ಜಿ..."

"ಗೊತ್ತಲ್ಲಾ ಮೇಷ್ಟ್ರೇ. ಕಾಫಿ ಆರಿಹೋಗುತ್ತೆ, ಕುಡೀರಿ."

ಹತ್ತು ವರ್ಷ ಹೊತ್ತಿದ್ದ ಭಾರ ಅರ್ಧ ಲೋಟ ಕಾಫಿಯಲ್ಲಿ ಮುಗಿದದ್ದಕ್ಕೆ ನನಗೆ ಸ್ವಲ್ಪ ಅವಮಾನವೇ ಆಯಿತು. ಅವರು ಮೊರ ಕೆಳಗಿಟ್ಟರು. "ಅದರಲ್ಲಿ ನೀವು ಬರೆದ ಒಂದು ಮಾತು ನನ್ನನ್ನ ಬಿಟ್ಟಿಲ್ಲ. ತಯಾರಿಲ್ಲದೋರನ್ನ ಕೂರಿಸಿ ಊರ ಮುಂದೆ ನಗೆಪಾಟಲು ಮಾಡ್ತಾರೆ ಅಂದಿದ್ರಿ. ಮುನಿವೆಂಕಟಪ್ಪನ ವಿಷಯದಲ್ಲಿ ಹಾಗೇ ಆಯ್ತು. ಅವಸರ ಮಾಡಿದೆನೋ ಏನೋ. ಬದುಕಿದಾನೋ ಇಲ್ವೋ ಅದೂ ತಿಳೀಲಿಲ್ಲ."

"ಬದುಕಿದಾನೆ ಸಾರ್. ಅವನ ಕಡೆ ಹುಡುಗ ಒಬ್ಬ ಈ ವರ್ಷ ನಮ್ಮಲ್ಲಿ ಸೇರ್ದ. ಚಿನ್ನದ ಗಣೀಲಿದಾನಂತೆ."

ಅವರು ನನ್ನನ್ನು ನೋಡಿದ ರೀತಿಗೆ, ಇದನ್ನು ಮೊದಲು ಹೇಳದೆ ನನ್ನ ಪ್ರಾಯಶ್ಚಿತ್ತವನ್ನೇ ಮುಂದೆ ತಂದದ್ದಕ್ಕೆ ನಾಚಿಕೆಯಾಯಿತು. "ನಾಳೆ ಭಾನುವಾರ. ಮೊದಲನೇ ಗಾಡಿಗೆ ಹೋಗೋಣ" ಎಂದರು.

ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಾಯಿಸಿ ಗಣಿಗೆ ಹೋದೆವು. ದಾರಿಯುದ್ದಕ್ಕೂ ಅವರ ಡಬ್ಬಿ ಎಷ್ಟು ಸಲ ಜೇಬಿನಿಂದ ಹೊರಗೆ ಬಂದು ಒಳಗೆ ಹೋಯಿತೋ. ಕೂಲಿಗಳ ಗುಡಿಸಲು ಸಾಲುಗಳಲ್ಲಿ ಕೇಳಿಕೊಂಡು ಹೋದರೆ ಅಲ್ಲಿ ಅವನಿಲ್ಲ. ಕೊನೆಗೆ ಯಾರೋ ಗುಮಾಸ್ತರ ಮನೆಗಳ ಕಡೆ ಕೈ ತೋರಿಸಿದರು. ಹೆಂಚಿನ ಮನೆ, ಮುಂದೆ ಒಂದು ಕರಿಬೇವಿನ ಗಿಡ. ಬಾಗಿಲಿಗೆ ಬಂದವನ ಮೀಸೆಯಲ್ಲಿ ಎರಡು ಬಿಳಿ ಕೂದಲು. ಒಂದು ಗಳಿಗೆ ದಿಟ್ಟಿಸಿ, ಒಳಗೆ ತಿರುಗಿ, "ಮಾ ಸಾರ್ ವಚ್ಚಿನಾರೇ!" ಎಂದು ಕೂಗಿದ, ನಮ್ಮ ಸಾರ್ ಬಂದಿದ್ದಾರೆ ಎಂದು. ಹೆಡ್‌ಮಾಸ್ತರ ಕಾಲಿಗೆ ಬಿದ್ದ. ನನ್ನ ಕಾಲಿಗೂ ಬಿದ್ದ, ಸ್ವಲ್ಪ ಬೇಗ ಎದ್ದ.

ಚಾಪೆಯ ಮೇಲೆ ಕೂತ ಮೇಲೆ ಹೆಡ್‌ಮಾಸ್ತರು ನೇರವಾಗಿ ಹೇಳಿದರು: "ಮುನಿವೆಂಕಟಪ್ಪ, ನಿನ್ನನ್ನ ಆ ವರ್ಷ ಪರೀಕ್ಷೆಗೆ ಕೂರಿಸಿದ್ದು ನಾನು. ನೀನು ಊರು ಬಿಡೋ ಹಾಗಾಯ್ತು. ತಪ್ಪಾಯ್ತಪ್ಪ."

ಅವನಿಗೆ ಅರ್ಥವಾಗಲಿಲ್ಲ. "ಏನ್ ಸಾರ್ ಹಿಂಗಂತೀರಾ? ಮಾವನ ಮನೆ ಮುದ್ದೆ ಗಂಟಲಲ್ಲಿ ಇಳೀದೆ ಬಂದೆ, ಅಷ್ಟೆ. ಇಲ್ಲಿ ಬಂದ ದಿನ ನೂರು ಜನ ಸಾಲಲ್ಲಿ ನಿಂತಿದ್ವಿ. ಬಿಳಿ ದೊರೆ ಕೇಳ್ದ, ಎಷ್ಟು ಓದಿದೀಯ ಅಂತ. ಎಸ್ಸೆಲ್ಸಿ ಫೇಲು ಅಂದೆ. ಮಾರ್ಕ್ಸ್ ಚೀಟಿ ತೋರ್ಸು ಅಂದ, ತೋರ್ಸ್ದೆ. ಉಳಿದೋರನ್ನೆಲ್ಲ ಗಣಿಯೊಳಕ್ಕೆ ಇಳಿಸಿದ್ರು ಸಾರ್. ನನ್ನ ಮೇಲೇ ಕೂರಿಸಿದ್ರು, ಹಾಜರಿ ಬರಿಯಕ್ಕೆ. ಅವತ್ತು ನನ್ನ ಜೊತೆ ನಿಂತಿದ್ದೋರು ಈಗ ಕೆಮ್ಮಿ ಕೆಮ್ಮಿ ಹೋಗ್ತಾ ಇದಾರೆ. ನೀವು ಕೂರಿಸ್ದೆ ಇದ್ದಿದ್ರೆ ನಾನು ಫೇಲೂ ಆಗ್ತಿರ್ಲಿಲ್ಲ. ನನ್ನ ಹತ್ರ ಏನಿರ್ತಿತ್ತು ತೋರ್ಸಕ್ಕೆ?"

ಹೆಡ್‌ಮಾಸ್ತರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ಸಮಾಧಾನದ ಒಂದು ಒಳ್ಳೆಯ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಮುನಿವೆಂಕಟಪ್ಪ ನನ್ನ ಕಡೆ ತಿರುಗಿ, ಕೈಮುಗಿದು, ಮನಸ್ಸಿನಲ್ಲಿ ಯಾವ ಕಲ್ಮಶವೂ ಇಲ್ಲದೆ ಹೇಳಿದ:

"ಈ ಸಾರೊಬ್ರು ಕೂರಕ್ಕೆ ಬಿಟ್ಟಿದ್ರೆ, ಎರಡು ವರ್ಷ ಮುಂಚೇನೇ ಫೇಲಾಗಿರ್ತಿದ್ದೆ."